ಶೋಗೆ ಬ್ಯಾಕಪ್: ಯಾವ ಹಳೆಯ ಬಾಸ್ ಗಿಟಾರ್?

ಮುಖ್ಯ ಬಾಸ್ ಕೈಕೊಟ್ಟಾಗ ಇನ್ನೊಂದನ್ನು ಹೆಗಲಿಗೇರಿಸಿ ಮುಂದಿನ ಹಾಡು ನುಡಿಸಬೇಕು, ಅಲ್ವಾ? ನೀವು ನೋಡಿಟ್ಟಿರುವ ಮೂರನ್ನೂ ಆ ಲೆಕ್ಕದಲ್ಲೇ ತೂಗೋಣ: 1970ರ ದಶಕದ ಫೆಂಡರ್ ಪ್ರಿಸಿಷನ್, 1980ರ ದಶಕದ ಜಪಾನ್ ಸ್ಕ್ವಯರ್ (ಫೆಂಡರ್‌ನದೇ ಅಗ್ಗದ ಬ್ರಾಂಡ್) ಪ್ರಿಸಿಷನ್, ಗಿಬ್ಸನ್ ಇಬಿ-0.

ಬೆಲೆಯಲ್ಲಿ ಸಾಮಾನ್ಯವಾಗಿ ಫೆಂಡರ್ ಮುಂದೆ. ಅಷ್ಟು ದುಡ್ಡು ಹಾಕಿದ್ದನ್ನು ವೇದಿಕೆಯ ಪಕ್ಕ ಸುಮ್ನೆ ನಿಲ್ಲಿಸಲು ಮನಸ್ಸು ಬರುತ್ತದಾ? ನನಗಂತೂ ಬರುವುದಿಲ್ಲ.

ಬಾಳಿಕೆಯನ್ನು ಮಾತ್ರ ಜಾಸ್ತಿ ಹೊತ್ತು ನೋಡಿ. ಪ್ರಿಸಿಷನ್‌ಗಳ ನೆಕ್ (ಎಡಗೈ ಬೆರಳು ಓಡಾಡುವ ಉದ್ದನೆಯ ಕತ್ತು) ಸ್ಕ್ರೂ ಹಾಕಿ ಕೂರಿಸಿದ್ದು. ಕೆಟ್ಟರೆ ಬಿಚ್ಚಬಹುದು, ತಂತಿಯ ಸದ್ದು ಹಿಡಿಯುವ ಪಿಕಪ್, ದನಿ ಏರಿಳಿಸುವ ಪಾಟ್, ಶ್ರುತಿ ಮಾಡುವ ಟ್ಯೂನರ್ ಸುಲಭವಾಗಿ ಸಿಗುತ್ತವೆ. ಇಬಿ-0ದ ನೆಕ್ ಅಂಟಿಸಿದ್ದು, ಮರ ಮಹಾಗನಿ. ಬಿದ್ದರೆ ಹೆಡ್‌ಸ್ಟಾಕ್ (ನೆಕ್ ತುದಿಯಲ್ಲಿ ತಂತಿ ಬಿಗಿಸುವ ಭಾಗ) ಬುಡದಲ್ಲೇ ಮುರಿಯುವ ಭಯ. ಕೊಳ್ಳುವ ಮುನ್ನ ಅಲ್ಲಿ ಟಾರ್ಚ್ ಹಾಕಿ ಬಿರುಕು ಹುಡುಕಿ. ಮೂರರಲ್ಲೂ ಟ್ರಸ್ ರಾಡ್ (ನೆಕ್ ಬಾಗು ಸರಿಮಾಡುವ ಒಳಗಿನ ಲೋಹದ ಸರಳು) ತಿರುಗುತ್ತದೆಯೇ ನೋಡಲೇಬೇಕು.

ನುಡಿಸುವ ಸುಲಭ ನಿಮ್ಮ ಮುಖ್ಯ ಬಾಸ್ ಮೇಲೆ ನಿಂತಿದೆ. ಪ್ರಿಸಿಷನ್‌ಗಳ ಸ್ಕೇಲ್ (ತಂತಿಯ ನುಡಿಯುವ ಭಾಗದ ಉದ್ದ) 34 ಇಂಚು, ಇಬಿ-0ದ್ದು 30.5. ಉದ್ದದ್ದಕ್ಕೆ ಒಗ್ಗಿದ ಬೆರಳು ಹಾಡಿನ ಮಧ್ಯೆ ಗಿಡ್ಡದರಲ್ಲಿ ತಡವರಿಸುತ್ತದೆ. ಇಬಿ-0ದ ಸದ್ದೂ ದಪ್ಪ, ಮಂದ. ಜೋರು ಬ್ಯಾಂಡಿನಲ್ಲಿ ಸ್ವರ ಬಿಡಿಬಿಡಿಯಾಗಿ ಕೇಳುವುದು ಕಷ್ಟ.

ವಾರವಾರ ಶೋ, ಪ್ರಯಾಣ ಇದ್ದವರಿಗೆ ನಾನು ಹೇಳುವುದು ಸ್ಕ್ವಯರ್. ರೆಕಾರ್ಡಿಂಗ್‌ಗೂ ಬೇಕು, ಜೋಪಾನ ಮಾಡುತ್ತೀರಿ ಎಂದರೆ ಫೆಂಡರ್. ಆದರೆ ತೂಕ ನೋಡಿ, ಆ ದಶಕದ ಕೆಲವು ತುಂಬಾ ಭಾರ. ಮುಖ್ಯ ಬಾಸೇ ಗಿಡ್ಡ ಸ್ಕೇಲ್ ಆಗಿದ್ದರೆ ಇಬಿ-0, ಗಟ್ಟಿ ಕೇಸ್ ಜೊತೆಗೆ.