ಟಕ್ಸ್‌ಗಿಟಾರ್, ಮ್ಯೂಸ್‌ಸ್ಕೋರ್, ನೂಟ್ಕಾ: ಗಿಟಾರ್ ಅಭ್ಯಾಸಕ್ಕೆ ನಾನು ಉಳಿಸಿಕೊಂಡದ್ದು

ಗಿಟಾರ್ ಕಲಿಯಲೆಂದು ಹಣ ಕಟ್ಟಿ ಪಡೆದಿದ್ದ ಆ್ಯಪೊಂದರ ವರ್ಷದ ಚಂದಾ ಮುಗಿದ ಕೂಡಲೇ ಪಾಠಗಳಿಗಷ್ಟೇ ಅಲ್ಲ, ನಾನೇ ಕೂತು ಅದರಲ್ಲಿ ಬರೆದಿಟ್ಟುಕೊಂಡಿದ್ದ, ಯಾವ ತಂತಿಯ ಯಾವ ಮನೆಯಲ್ಲಿ ಬೆರಳಿಡಬೇಕೆಂದು ಅಂಕಿಗಳಲ್ಲಿ ತೋರಿಸುವ ಟ್ಯಾಬ್‌ಗಳಿಗೂ ಬೀಗ ಬಿತ್ತು. ಅಂದಿನಿಂದ, ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶಗಳನ್ನು ಮಾತ್ರ ಬಳಸುತ್ತಿದ್ದೇನೆ. ಲಿನಕ್ಸ್ ಹಾಕಿರುವ, 4 ಜಿಬಿ ರ‍್ಯಾಮ್ ಇರುವ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಟಕ್ಸ್‌ಗಿಟಾರ್, ಮ್ಯೂಸ್‌ಸ್ಕೋರ್ ಮತ್ತು ನೂಟ್ಕಾ, ಈ ಮೂರನ್ನೂ ಸಾಕಷ್ಟು ಕಾಲ ಬಳಸಿ ನೋಡಿದ ಮೇಲೆ ನನ್ನ ಮತ ಟಕ್ಸ್‌ಗಿಟಾರಿಗೆ.

ಇದಕ್ಕೆ ಮುಖ್ಯ ಕಾರಣ ಅದರಲ್ಲಿರುವ ಅಭ್ಯಾಸದ ಏರ್ಪಾಡು. ಕೈಗೆ ಹತ್ತದ, ತಾಳದ ಆವರ್ತದಂತಹ ನಾಲ್ಕು ಬಾರ್‌ಗಳಿಗೆ ಗುರುತು ಹಾಕಿ, ಮೂಲ ವೇಗದ ಶೇಕಡ 50ರಿಂದ ಆರಂಭಿಸಿ ಪ್ರತಿ ಸುತ್ತಿಗೂ ಶೇಕಡ 5ರಷ್ಟು ಏರಿಸುತ್ತ ಶೇಕಡ 100ರವರೆಗೆ ಹೋಗಬೇಕೆಂದು ಒಮ್ಮೆ ನಿಗದಿ ಮಾಡಿದರೆ, ನಾನು ಗಿಟಾರಿನಿಂದ ಕೈ ತೆಗೆಯದೆಯೇ ಅದು ತಾನಾಗಿ ವೇಗ ಏರಿಸುತ್ತ ನುಡಿಸಿಕೊಂಡು ಹೋಗುತ್ತದೆ. ನನ್ನ ಕಿರುಬೆರಳು ಶೇಕಡ 75ರವರೆಗೆ ಚೆನ್ನಾಗಿಯೇ ಇದ್ದು, 80ಕ್ಕೆ ಬಂದೊಡನೆ ಮೂರನೆಯ ತಂತಿಯನ್ನು ಮುಟ್ಟುವುದರೊಳಗೆ ತಡವಾಗುತ್ತದೆ ಎಂಬುದು ತಿಳಿದದ್ದು ಹೀಗೆಯೇ. ನಿಧಾನಗೊಳಿಸಿದಾಗ ಶ್ರುತಿ ಇಳಿಯುವುದಿಲ್ಲ, ಏಕೆಂದರೆ ಅದು ನುಡಿಸುವುದು ಧ್ವನಿಮುದ್ರಣವನ್ನಲ್ಲ, ಮಿಡಿ ಸೂಚನೆಗಳನ್ನು.

ಆ ಮಿಡಿಯೇ ಲಿನಕ್ಸ್ ಬಳಕೆದಾರರಿಗೆ ದೊಡ್ಡ ತಲೆನೋವೂ ಹೌದು. ಟಕ್ಸ್‌ಗಿಟಾರನ್ನು ಅನುಸ್ಥಾಪಿಸಿ, ಕಡತವೊಂದನ್ನು ತೆರೆದು, ನುಡಿಸುವ ಗುಂಡಿ ಒತ್ತಿದೆ. ಟ್ಯಾಬ್‌ನ ಮೇಲೆ ಗುರುತು ಬಾರ್‌ನಿಂದ ಬಾರ್‌ಗೆ ಸರಾಗವಾಗಿ ಓಡಿತು, ಕೆಳಗಿನ ಫ್ರೆಟ್‌ಬೋರ್ಡಿನ ಚಿತ್ರದಲ್ಲಿ ಬೆರಳಿಡುವ ಜಾಗಗಳು ಒಂದೊಂದಾಗಿ ಬೆಳಗಿದವು, ಆದರೆ ಸದ್ದು ಮಾತ್ರ ಇಲ್ಲ. ಹೆಡ್‌ಫೋನ್ ಬದಲಿಸಿ ನೋಡಿದ್ದಾಯಿತು, ಧ್ವನಿ ಏರಿಸಿ ನೋಡಿದ್ದಾಯಿತು. ಅದೇ ಲ್ಯಾಪ್‌ಟಾಪಿನಲ್ಲಿ ವಿಡಿಯೋ ಹಾಕಿದರೆ ಸದ್ದು ಚೆನ್ನಾಗಿಯೇ ಬರುತ್ತಿತ್ತು.

ಮಿಡಿ ಎಂದರೆ ಯಾವ ಸ್ವರ, ಎಷ್ಟು ಹೊತ್ತು, ಎಷ್ಟು ಜೋರಾಗಿ ಎಂಬ ಸೂಚನೆಗಳಷ್ಟೇ; ಸ್ವರಲಿಪಿಯ ಪುಸ್ತಕ ತಾನಾಗಿ ಹಾಡದಿರುವಂತೆ ಅದೂ ತಾನಾಗಿ ಸದ್ದು ಮಾಡುವುದಿಲ್ಲ. ವಿಂಡೋಸ್‌ನಲ್ಲಿ ಈ ಸೂಚನೆಗಳನ್ನು ನಾದವಾಗಿಸುವ ಸಿಂಥ್ ಮೊದಲೇ ಇರುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಆ ಕೆಲಸಕ್ಕೆ ಫ್ಲೂಯಿಡ್‌ಸಿಂಥ್ ಎಂಬ ತಂತ್ರಾಂಶವನ್ನೂ, ಅದು ಬಳಸಿಕೊಳ್ಳುವ ನಾದಗಳ ಸಂಗ್ರಹವಾದ ಸೌಂಡ್‌ಫಾಂಟ್ ಒಂದನ್ನೂ ನಾವೇ ತಂದುಕೊಳ್ಳಬೇಕು. ನಾನು ಹಾಕಿಕೊಂಡದ್ದು ಸುಮಾರು 140 ಎಂಬಿ ಗಾತ್ರದ, ಉಚಿತವಾಗಿ ಸಿಗುವ ಫ್ಲೂಯಿಡ್ ಆರ್3 ಜಿಎಂ. ಇವೆರಡೂ ಬಂದ ಮೇಲೂ ಕೆಲಸ ಮುಗಿಯುವುದಿಲ್ಲ: ಟಕ್ಸ್‌ಗಿಟಾರಿನ ಪ್ಲಗಿನ್‌ಗಳ ಪಟ್ಟಿಯಲ್ಲಿ ಫ್ಲೂಯಿಡ್‌ಸಿಂಥ್‌ನದನ್ನು ತೆರೆದು ಸೌಂಡ್‌ಫಾಂಟ್ ಎಲ್ಲಿದೆಯೆಂದು ತೋರಿಸಬೇಕು, ಅನಂತರ ಧ್ವನಿಯ ಸೆಟ್ಟಿಂಗ್ಸ್‌ಗೆ ಹೋಗಿ ಮಿಡಿ ಪೋರ್ಟ್‌ಗಳ ಪಟ್ಟಿಯಲ್ಲಿ ಹೊಸದಾಗಿ ಕಾಣಿಸಿಕೊಂಡ ಅದೇ ಹೆಸರನ್ನು ಆರಿಸಬೇಕು. ಈ ಎರಡನೆಯ ಹೆಜ್ಜೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲವಾದ್ದರಿಂದ, ಹೊಸಬರು ಬಹುಪಾಲು ಇಲ್ಲಿಯೇ ಬೇಸತ್ತು ಕೈಬಿಡುತ್ತಾರೆಂದು ನನ್ನ ಊಹೆ. ಒಮ್ಮೆ ಹೊಂದಿಸಿಕೊಂಡ ಮೇಲೆ ನಾನು ಮತ್ತೆ ಆ ಕಡೆ ತಲೆ ಹಾಕಿಲ್ಲ.

ಮ್ಯೂಸ್‌ಸ್ಕೋರ್ ನೋಡಲು ಮೂರರಲ್ಲಿಯೂ ಅಂದವಾದದ್ದು. ಐದು ಗೆರೆಗಳ ಮೇಲೆ ಸ್ವರ ಬರೆಯುವ ಸ್ಟಾಫ್ ನೊಟೇಶನ್ ಮತ್ತು ಟ್ಯಾಬ್ ಎರಡನ್ನೂ ಒಂದಕ್ಕೊಂದು ಜೋಡಿಸಿಟ್ಟರೆ ಒಂದರಲ್ಲಿ ತಿದ್ದಿದ್ದು ಇನ್ನೊಂದರಲ್ಲಿಯೂ ತಿದ್ದಿಕೊಳ್ಳುತ್ತದೆ, ಮುದ್ರಿಸಿದ ಹಾಳೆ ಅಂಗಡಿಯಲ್ಲಿ ಕೊಂಡ ಪುಸ್ತಕದ ಪುಟಕ್ಕೆ ಏನೇನೂ ಕಡಿಮೆಯಿಲ್ಲ. ಆದರೆ 2022ರ ಡಿಸೆಂಬರಿನಲ್ಲಿ ಬಂದ ನಾಲ್ಕನೆಯ ಆವೃತ್ತಿಯನ್ನು ಹೊರಲು ನನ್ನ ಲ್ಯಾಪ್‌ಟಾಪಿಗೆ ಶಕ್ತಿ ಸಾಲದು. ಆಯ್ದ ಭಾಗವನ್ನು ಮರುಕಳಿಸಿ ನುಡಿಸಲು, ವೇಗ ಇಳಿಸಲು ಅದರಲ್ಲಿಯೂ ಬರುತ್ತದೆ. ಸುತ್ತಿನಿಂದ ಸುತ್ತಿಗೆ ವೇಗ ತಾನಾಗಿ ಏರುವ ಏರ್ಪಾಡು ಮಾತ್ರ ನನಗೆ ಸಿಗಲಿಲ್ಲ. ಎಲ್ಲರೂ ಹೊಗಳುವ, ಅದಕ್ಕೆ ಸೇರಿಸಿಕೊಳ್ಳುವ ನಾದಗಳ ಸಂಗ್ರಹವಾದ ಮ್ಯೂಸ್ ಸೌಂಡ್ಸ್ ಉಚಿತವೇ ಹೊರತು ಮುಕ್ತ ತಂತ್ರಾಂಶವಲ್ಲ ಎಂಬುದು, ನನ್ನಂತೆ ಬೀಗ ಕಂಡವರಿಗೆ ಗಮನದಲ್ಲಿರಲಿ.

ನೂಟ್ಕಾ ಮಾಡುವ ಕೆಲಸವೇ ಬೇರೆ. ಅದು ಸ್ಟಾಫಿನ ಮೇಲೆ ಸ್ವರವೊಂದನ್ನು ತೋರಿಸಿ, ನಾವು ನುಡಿಸಿದ್ದನ್ನು ಮೈಕಿನ ಮೂಲಕ ಕೇಳಿಸಿಕೊಂಡು, ಸರಿಯೋ ತಪ್ಪೋ ಹೇಳುತ್ತದೆ. ಉಳಿದೆರಡರಲ್ಲಿ ಕಾಣದ ಈ ಗುಣಕ್ಕಾಗಿ ಅದನ್ನು ಅಳಿಸದೆ ಇಟ್ಟುಕೊಂಡಿದ್ದೇನೆ. ಒಂದು ಬಾರಿಗೆ ಒಂದೇ ಸ್ವರವನ್ನು ಅದು ಗುರುತಿಸಬಲ್ಲದು, ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಕಾರ್ಡ್ ಹಿಡಿದರೆ ತಬ್ಬಿಬ್ಬಾಗುತ್ತದೆ. 82 ಹರ್ಟ್ಸ್ ಆಸುಪಾಸಿನಲ್ಲಿ ನುಡಿಯುವ ಆರನೆಯ ತಂತಿಯನ್ನು ನನ್ನ ಲ್ಯಾಪ್‌ಟಾಪಿನ ಪುಟ್ಟ ಮೈಕು ಸರಿಯಾಗಿ ಕೇಳಿಸಿಕೊಳ್ಳುವುದಿಲ್ಲ, ಫ್ಯಾನ್ ಆರಿಸಿದರೆ ತಕ್ಕಮಟ್ಟಿಗೆ ಸುಧಾರಿಸುತ್ತದೆ.

ಕರ್ನಾಟಕ ಪದ್ಧತಿಯ ಪಿಟೀಲೋ ವೀಣೆಯೋ ಕಲಿಯುತ್ತಿರುವವರಿಗೆ ಈ ಮೂರೂ ಹೆಚ್ಚು ಒದಗುವುದಿಲ್ಲ. ಪಿಟೀಲನ್ನು ಸ-ಪ-ಸ-ಪ ಎಂದು ಶ್ರುತಿ ಮಾಡಿಕೊಳ್ಳುವುದನ್ನು ಹೇಗೋ ಹೊಂದಿಸಬಹುದು, ಆದರೆ ತೋಡಿಯ ಗಾಂಧಾರವನ್ನು ಬರೆಯಲು ಟ್ಯಾಬ್‌ನ ಅಂಕಿಗಳಿಗೆ ಸಾಧ್ಯವಿಲ್ಲ. ಅಂಥವರು ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಸಾನಿಕ್ ವಿಷುವಲೈಸರ್ ಎಂಬ ಮುಕ್ತ ತಂತ್ರಾಂಶವನ್ನು ನೋಡಬೇಕು. ವಿದ್ವಾಂಸರ ಧ್ವನಿಮುದ್ರಣವನ್ನು ಶ್ರುತಿ ಕೆಡದಂತೆ ನಿಧಾನಗೊಳಿಸಿ ಕೇಳಬಹುದು, ಪಿ-ಯಿನ್ (pYIN) ಎಂಬ ಪ್ಲಗಿನ್ ಸೇರಿಸಿಕೊಂಡರೆ ಗಮಕದ ಓಲಾಟವನ್ನು ಗೆರೆಯಾಗಿ ಕಾಣಬಹುದು.

ರಾತ್ರಿ ಮನೆಮಂದಿ ಮಲಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಅರ್ಧ ಗಂಟೆ, ಅದೂ ಟ್ಯಾಬ್ ನೋಡಿಕೊಂಡೇ ನುಡಿಸುವ ನನಗೆ, ಹೊಸ ಕಂಪ್ಯೂಟರಿಗೆ ಹಣ ಸುರಿಯುವ ಮನಸ್ಸಿಲ್ಲದಿರುವಾಗ, ಟಕ್ಸ್‌ಗಿಟಾರ್ ಸಾಕು. ಟ್ರಿನಿಟಿಯಂತಹ ಗ್ರೇಡ್ ಪರೀಕ್ಷೆಗೆ ಕ್ಲಾಸಿಕಲ್ ಗಿಟಾರ್ ಕಲಿಯುತ್ತಿರುವವರು ಸ್ಟಾಫ್ ಓದಲೇಬೇಕಾದ್ದರಿಂದ ನೂಟ್ಕಾದಿಂದ ಆರಂಭಿಸಲಿ, ಗಟ್ಟಿ ಕಂಪ್ಯೂಟರ್ ಇದ್ದರೆ ಮ್ಯೂಸ್‌ಸ್ಕೋರನ್ನೂ ಹಾಕಿಕೊಳ್ಳಲಿ.