ಹಗುರ ರೋಲರ್ರೋ, ಓಪನ್ ಫಿಲ್ಟರ್ರೋ?

ಹನುಮಂತನಗರದ ನಮ್ಮ ಮನೆ ಕಡೆಯ ಏರಿನಲ್ಲಿ ಹಿಂದೆ ಯಾರಾದರೂ ಕೂತರೆ ಸಾಕು, ನನ್ನ ಸ್ಕೂಟರ್ ಏದುಸಿರು ಬಿಡುತ್ತಿತ್ತು. ಒಂದು ದಿನ ನಮ್ಮ ಮನೆಯವರು ಬೇಸತ್ತು ಅರ್ಧದಲ್ಲೇ ಇಳಿದು ನಡೆದರು. ಹೆಚ್ಚುಕಮ್ಮಿ ಇಬ್ಬರೂ ಒಟ್ಟಿಗೇ ಮನೆ ಮುಟ್ಟಿದೆವು.

ನನ್ನದು 2013ರ ಗಾಡಿ. 109 ಸಿಸಿ, ಗಾಳಿಗೆ ಪೆಟ್ರೋಲ್ ಬೆರೆಸೋ ಕಾರ್ಬ್ಯುರೇಟರ್ ಇರುವಂಥದ್ದು. ಬೆಂಗಳೂರು ಇರೋದು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲೆ. ಗಾಳಿ ತೆಳು, ಸಣ್ಣ ಇಂಜಿನ್‌ಗೆ ಇಲ್ಲಿ ಮೊದಲೇ ಬಲ ಕಮ್ಮಿ. ಟ್ಯಾಪೆಟ್ (ಇಂಜಿನ್ ವಾಲ್ವ್‌ನ ಸಂದು) ಸರಿಮಾಡಿಸಿ, ಟೈರಿಗೆ ಗಾಳಿ ತುಂಬಿಸಿ, ಆಮೇಲೆ ಪಿಕಪ್ ಹೆಚ್ಚಿಸೋ ದಾರಿಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿದೆ. ಅದೇ ಏರು, ಅದೇ ಇಬ್ಬರು.

ಮೊದಲು ಜೆ.ಸಿ. ರಸ್ತೆಯಿಂದ ಓಪನ್ ಏರ್ ಫಿಲ್ಟರ್ (ಡಬ್ಬಿ ಇಲ್ಲದೆ ನೇರ ಗಾಳಿ ಎಳೆಯೋದು), ಇರಿಡಿಯಂ ತುದಿಯ ಸ್ಪಾರ್ಕ್ ಪ್ಲಗ್ ತಂದೆ. ಪ್ಲಗ್‌ನಿಂದ ಬೆಳಗಿನ ಸ್ಟಾರ್ಟಿಂಗ್ ಚುರುಕಾಯಿತು, ಅಷ್ಟೇ. ಫಿಲ್ಟರ್ ಹಾಕಿದ ಮೇಲೆ ಸದ್ದು ಜೋರಾಯಿತು. ಸದ್ದು ಕೇಳಿ ಪಿಕಪ್ ಬಂತು ಅಂತ ಎರಡು ದಿನ ನಂಬಿದ್ದೆ! ಆದರೆ ಸಿಗ್ನಲ್‌ನಲ್ಲಿ ಆಕ್ಸಿಲರೇಟರ್ ತಿರುಗಿಸಿದರೆ ಒಂದು ಕ್ಷಣ ಮುಗ್ಗರಿಸುತ್ತಿತ್ತು. ಪ್ಲಗ್ ಬಿಚ್ಚಿದರೆ ತುದಿ ಸುಣ್ಣ ಬಳಿದಷ್ಟು ಬೆಳ್ಳಗಿತ್ತು. ನಮ್ಮ ಮೆಕ್ಯಾನಿಕ್ ನಕ್ಕ. "ಅನ್ನ ಜಾಸ್ತಿ ಬಡಿಸಿ ಸಾರು ಅಷ್ಟೇ ಹಾಕಿದಂಗಾಯ್ತು ಸಾರ್. ಗಾಳಿ ಹೆಚ್ಚಾಯ್ತು, ಪೆಟ್ರೋಲ್ ಹಳೇ ಲೆಕ್ಕವೇ." ದೊಡ್ಡ ಮೇನ್ ಜೆಟ್, ಅಂದರೆ ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಬಿಡೋ ತೂತಿನ ತಿರುಪು, ಹಾಕಬೇಕಿತ್ತು. ಈ ಧೂಳಿನ ಊರಲ್ಲಿ ಅದರ ಹಿಂದೆ ಬೀಳೋದು ಬೇಡ ಅಂತ ಹಳೇ ಫಿಲ್ಟರೇ ವಾಪಸ್ ಹಾಕಿಸಿದೆ.

ಮುಂದಿನದು ರೋಲರ್. ಇಂಥ ಸ್ಕೂಟರಿಗೆ ಕೈಯಲ್ಲಿ ಬದಲಿಸೋ ಗೇರ್ ಇಲ್ಲ, ಅದರ ಬದಲು ವೇರಿಯೇಟರ್ ಅನ್ನೋ ಪುಲ್ಲಿ ಇದೆ. ಅದರ ಒಳಗೆ ಆರು ರೋಲರ್ ಇರುತ್ತವೆ. ಇಂಜಿನ್ ಜೋರಾಗಿ ತಿರುಗಿದಂತೆ ಅವು ಹೊರಕ್ಕೆ ಸರಿದು ಪುಲ್ಲಿಯನ್ನು ಒತ್ತುತ್ತವೆ. ಹಿಂಚಕ್ರಕ್ಕೆ ಬಲ ಒಯ್ಯುವ ಬೆಲ್ಟ್ ಮೇಲೇರುತ್ತದೆ, ಅಂದರೆ ಗೇರ್ ಬದಲಾದ ಹಾಗೆ. ರೋಲರ್ ಹಗುರವಾದರೆ ನಿಧಾನವಾಗಿ ಸರಿಯುತ್ತವೆ, ಇಂಜಿನ್ ಹೆಚ್ಚು ಹೊತ್ತು ಕೆಳಗಿನ ಗೇರ್‌ನಲ್ಲೇ ಎಳೆಯುತ್ತದೆ. ತಲಾ 2 ಗ್ರಾಂ ಹಗುರದ್ದು ಹಾಕಿಸಿದೆ. ಏರು ನಿಜಕ್ಕೂ ಸಲೀಸಾಯಿತು. ಆದರೆ ಮೈಸೂರು ರಸ್ತೆಯಲ್ಲಿ 60 ದಾಟಿದರೆ ಇಂಜಿನ್ ಅರಚುತ್ತಿತ್ತು. ಲೀಟರಿಗೆ 44 ಕೊಡುತ್ತಿದ್ದದ್ದು 39ಕ್ಕೆ ಇಳಿಯಿತು. ಎರಡು ಬಾರಿ ಫುಲ್ ಟ್ಯಾಂಕ್ ಮಾಡಿ ನೋಡಿದ ಲೆಕ್ಕ ಇದು.

ಆಗ ಬಿಚ್ಚಿಟ್ಟಿದ್ದ ಹಳೇ ರೋಲರ್ ಕೈಗೆ ತಗೊಂಡು ನೋಡಿದೆ. ಒಂದು ಮಗ್ಗುಲು ಚಪ್ಪಟೆ, ಸ್ಲೇಟಿಗೆ ಉಜ್ಜಿದ ಬಳಪದ ಹಾಗೆ. ಉರುಳದ ರೋಲರ್ ಗಾಡಿ ಹೇಗೆ ಎಳೆದೀತು? ನಾನು ಹಗುರದ ಮಹಿಮೆ ಅಂದುಕೊಂಡದ್ದರಲ್ಲಿ ಒಂದಿಷ್ಟು ಹೊಸತರ ಮಹಿಮೆ ಅಲ್ವಾ!

ಹಾಗಾಗಿ ಕಂಪನಿ ತೂಕದ್ದೇ ಹೊಸ ರೋಲರ್, ಜೊತೆಗೆ ಹೊಸ ಬೆಲ್ಟ್ ಹಾಕಿಸಿ ನೋಡಿದೆ. ಪಿಕಪ್ ಹಗುರದ್ದರಷ್ಟಿಲ್ಲ, ಆದರೆ ಅರ್ಧದಲ್ಲಿ ಯಾರೂ ಇಳಿಯಬೇಕಿಲ್ಲ. ಮೈಲೇಜ್ 45. ಈಗ ಮೂರು ಹಗುರ, ಮೂರು ಕಂಪನಿ ತೂಕದ್ದು, ಒಂದು ಬಿಟ್ಟು ಒಂದು ಹಾಕಿಸಿದ್ದೇನೆ. ಲೀಟರಿಗೆ 42 ಬರುತ್ತಿದೆ, ಏರೂ ತಕರಾರಿಲ್ಲದೆ ಹತ್ತುತ್ತದೆ. ದಿನಾ ದೂರ ಓಡಿಸುವವರಾದರೆ ಕಂಪನಿ ತೂಕದ್ದೇ ಸಾಕು. 2020ರ ಈಚೆಗಿನ ಬಿಎಸ್ 6 (ಹೊಸ ಹೊಗೆ ನಿಯಮದ) ಗಾಡಿಗಳಲ್ಲಿ ಜೆಟ್ ಇಲ್ಲ, ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಷನ್. ರೋಲರ್ ಲೆಕ್ಕ ಮಾತ್ರ ಅಲ್ಲೂ ಇದೇ.

ಓಪನ್ ಫಿಲ್ಟರ್ ಅಟ್ಟದ ಮೇಲಿದೆ. ಬೇಕಾದವರಿಗೆ ಸುಮ್ನೆ ಕೊಡ್ತೀನಿ, ಜೆಟ್ ನೀವೇ ತಂದ್ಕೊಳ್ಳಿ.