ಮೂರ್ತವೋ, ಅಮೂರ್ತವೋ: ಗ್ರಾಫಿಕ್ಸ್‌ನಲ್ಲಿ ಯಾವ ದಾರಿ?

ದಾವಣಗೆರೆಯ ದೃಶ್ಯಕಲಾ ಕಾಲೇಜಿನಲ್ಲಿ ಓದಿ ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲೇ ಹೊಟ್ಟೆ ಹೊರೆಯಬೇಕು ಅನ್ನುವವರು ಮೊದಲು ಮೂರ್ತ ಕೆಲಸ, ಅಂದರೆ ಗುರುತು ಸಿಗುವ ವಸ್ತುಗಳನ್ನು ಮೂಡಿಸುವ ಕೆಲಸ, ಹಿಡಿಯುವುದೇ ವಾಸಿ. ಗೇಮ್ ಸ್ಟುಡಿಯೋಗಳಲ್ಲಿ ಮಾಡೆಲಿಂಗ್ (ಆಕಾರ ಕಟ್ಟುವುದು), ಟೆಕ್ಸ್ಚರಿಂಗ್ (ಮೇಲ್ಮೈಗೆ ಬಣ್ಣ, ಒರಟುತನ ಕೊಡುವುದು), ಲೈಟಿಂಗ್‌ಗೆ ಬೇರೆ ಬೇರೆ ಹುದ್ದೆಗಳೇ ಇವೆ. ಚಿತ್ರದುರ್ಗ ಕೋಟೆಯ ಒಂದು ಬಾಗಿಲನ್ನು ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಕಟ್ಟಿ ನೋಡಿ. ಕಲ್ಲಿನ ಅಂಚು ತೀರಾ ಚೂಪಾಗಿದ್ದರೆ ಅಲ್ಲಿ ಬೆಳಕು ನಿಲ್ಲುವುದಿಲ್ಲ, ಕಲ್ಲು ಕಲ್ಲೆನಿಸುವುದಿಲ್ಲ. ಅಂಚನ್ನು ತುಸು ಸವರುವ ಸಣ್ಣ ಬೆವೆಲ್ ಕೊಡಿ. ಮೇಲ್ಮೈ ಎಲ್ಲೆಲ್ಲಿ ಎಷ್ಟು ಒರಟು ಎಂದು ಹೇಳುವ ಚಿತ್ರವಾದ ರಫ್‌ನೆಸ್ ಮ್ಯಾಪನ್ನು ನಾನ್-ಕಲರ್‌ಗೆ (ಬಣ್ಣವಲ್ಲ, ಬರೀ ಅಂಕಿ ಎಂದು ಓದುವ ಆಯ್ಕೆಗೆ) ಹಾಕದಿದ್ದರೆ ಹೊಳಪು ತಪ್ಪುತ್ತದೆ. ಕೆಲಸ ಕೇಳುವಾಗ ತೋರಿಸುವ ರೀಲ್ (ನಿಮ್ಮ ಕೆಲಸದ ವಿಡಿಯೋ) 1–2 ನಿಮಿಷ ಸಾಕು, ವೈರ್‌ಫ್ರೇಮ್, ಅಂದರೆ ಮಾದರಿಯ ಬರೀ ಗೆರೆಗಳ ಬಲೆ, ಕೂಡ ತೋರಿಸಿ.

ಬರೀ ಬಣ್ಣ, ಆಕಾರಗಳ ಆಟವಾದ ಅಮೂರ್ತದಲ್ಲಿ ಖಾಯಂ ನೌಕರಿ ಕಡಿಮೆ; ವೇದಿಕೆಯ ಎಲ್‌ಇಡಿ ಪರದೆಯಂಥ ಬಿಡಿ ಕೆಲಸವೇ ಹೆಚ್ಚು. ಆ ಕ್ಷಣಕ್ಕೇ ಚಿತ್ರ ಮೂಡಿಸುತ್ತ ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದೊಂದಕ್ಕೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್, ಹಾಗಾಗಿ ಗ್ರಾಫಿಕ್ಸ್ ಕಾರ್ಡ್‌ನಲ್ಲೇ ವೇಗವಾಗಿ ಓಡುವ ಪುಟ್ಟ ಪ್ರೋಗ್ರಾಂ ಆದ ಶೇಡರ್ ಬರೆಯಲು ಬರಲೇಬೇಕು. ಪ್ರತಿ ಬಣ್ಣಕ್ಕೆ 256 ಹಂತಗಳಷ್ಟೇ ಇರುವ 8 ಬಿಟ್‌ನಲ್ಲಿ ನಯವಾದ ಗ್ರೇಡಿಯೆಂಟ್ (ಮೆಲ್ಲಗೆ ಬದಲಾಗುವ ಬಣ್ಣ) ಪಟ್ಟೆ ಪಟ್ಟೆಯಾಗುತ್ತದೆ. ಅದು ಕಾಣದಂತೆ ಸ್ವಲ್ಪ ನಾಯ್ಸ್ (ಚೆಲ್ಲಾಪಿಲ್ಲಿ ಚುಕ್ಕೆಗಳು) ಬೆರೆಸಿ. ಗಣಿತ ಒಲಿದವರಿಗೆ ಇದೇ ಸೊಗಸು.